ತೂತು ಬಿದ್ದ ಎಲೆಗಳ ತೋಟ

ನಮ್ಮದು ತಿಪಟೂರು ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಸುತ್ತ ತೆಂಗಿನ ತೋಟ, ಅಲ್ಲಲ್ಲಿ ರಾಗಿ ಹೊಲ. ನಾನು ಅಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪರಾಗಸ್ಪರ್ಶದ ಪಾಠ ಪ್ರತಿ ವರ್ಷ ಬರುತ್ತದೆ. ದಾಸವಾಳ ತಂದು ಸೀಳಿ, ಕೇಸರ ಯಾವುದು, ಶಲಾಕೆ ಯಾವುದು ಅಂತ ತೋರಿಸಿ, ಚಿತ್ರ ಬರೆಸಿ ಮುಗಿಸುವುದು ರೂಢಿ. ಹೂವು ಸಿಗುತ್ತದೆ, ಹೂವಿಗೆ ಬರುವವರು ಸಿಗುವುದಿಲ್ಲ. ಹಾಗಾಗಿ ಜೇನು, ಚಿಟ್ಟೆ, ದುಂಬಿಗಳನ್ನೇ ಶಾಲೆಗೆ ಕರೆಸೋಣ ಅಂತ ಇಕೋ ಕ್ಲಬ್ ಮಕ್ಕಳ ಜೊತೆ ಮಾತಾಡಿದೆ. ಅವರು ಒಪ್ಪಲು ಒಂದು ನಿಮಿಷವೂ ಬೇಕಾಗಲಿಲ್ಲ. ಪಾಠದ ಬದಲು ಗುದ್ದಲಿ ಹಿಡಿಯುವ ಕೆಲಸ ಅಂದರೆ ಯಾವ ಮಕ್ಕಳು ಬೇಡ ಅಂತಾರೆ?

ದೊಡ್ಡವರನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ಹೆಡ್‌ಮಾಸ್ಟರು ತೋಟ ಬೇಡ ಅನ್ನಲಿಲ್ಲ, ಆದರೆ ಅವರ ಮನಸ್ಸಲ್ಲಿದ್ದ ತೋಟವೇ ಬೇರೆ. ಗೇಟಿನ ಎದುರು ಸುಣ್ಣ ಬಳಿದ ಕಲ್ಲಿನ ಅಂಚು, ಸಾಲಾಗಿ ಕ್ರೋಟನ್, ಧ್ವಜಸ್ತಂಭದ ಸುತ್ತ ಚೆಂಡುಹೂ. "ಬಿಇಒ ಸಾಹೇಬ್ರು ಬಂದ್ರೆ ಗೇಟಿಂದಲೇ ಕಾಣಬೇಕು ಮೇಡಂ" ಅಂದರು. ಕೊನೆಗೆ ಮುಂದಿನ ಜಾಗ ಅವರಿಗೆ, ಹಿಂದಿನದು ನಮಗೆ ಅಂತ ರಾಜಿಯಾಯಿತು. ನನಗೂ ಅದೇ ಬೇಕಿತ್ತು ಅನ್ನಿ. ಅಡುಗೆಮನೆ ಹಿಂದೆ, ಕೈ ತೊಳೆಯುವ ನಲ್ಲಿಗಳ ಆಚೆ, ಕಾಂಪೌಂಡಿಗೆ ಒತ್ತಿಕೊಂಡು ಉದ್ದನೆಯ ಜಾಗ ಇತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು. ಚಿಟ್ಟೆ, ಜೇನು ಎರಡಕ್ಕೂ ಬಿಸಿಲು ಬೇಕು. ಮೈ ಬಿಸಿಯಾಗದೆ ಚಿಟ್ಟೆಗೆ ಹಾರಲು ಆಗುವುದಿಲ್ಲ. ಜೊತೆಗೆ ತರಗತಿಯ ಬಾಗಿಲಿಗೆ ದೂರ. ನಲಿ-ಕಲಿ ತರಗತಿಯ ಪುಟ್ಟ ಮಕ್ಕಳು ಓಡಾಡುವ ದಾರಿಯಲ್ಲಿ ಜೇನು ಹಾರಾಡುವುದು ಬೇಡ ಅಲ್ವಾ?

ನೆಡುವ ಮೊದಲು ಒಂದು ಕೆಲಸ ಕೊಟ್ಟೆ. ಮನೆಗೆ ಹೋಗುವ ದಾರಿಯಲ್ಲಿ, ಹೊಲದಲ್ಲಿ, ಹಿತ್ತಿಲಲ್ಲಿ ಯಾವ ಗಿಡದ ಮೇಲೆ ಏನು ಕೂತಿತ್ತು ಅಂತ ನೋಡಿ ಬರೆದುಕೊಂಡು ಬನ್ನಿ ಅಂದೆ. ಹೆಸರು ಗೊತ್ತಿಲ್ಲದಿದ್ದರೆ ಒಂದು ಎಲೆ ತನ್ನಿ, ಸಾಕು. ಬಂದ ಪಟ್ಟಿಯಲ್ಲಿ ನರ್ಸರಿ ಗಿಡ ಕಮ್ಮಿ. ತುಂಬೆ, ಕಾಮಕಸ್ತೂರಿ, ತುಳಸಿ, ತಂಗಡಿ, ನುಗ್ಗೆ, ಹೊಂಗೆ, ಕರಿಬೇವು, ಬೇಲಿಯ ಎಕ್ಕ. ಬಹಳ ಮಕ್ಕಳು ಹುಚ್ಚೆಳ್ಳು ಬರೆದಿದ್ದರು. ಅವರ ತಾತಂದಿರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದವರು. ನಾಲ್ಕಾರು ಸಾಲು ರಾಗಿಗೆ ಒಂದು ಸಾಲು ಅವರೆ, ಹುಚ್ಚೆಳ್ಳು, ಸಾಸಿವೆ. ಈಗ ಅಕ್ಕಡಿ ಬಿಡುವವರು ಕಮ್ಮಿ. ಆದರೂ ಹುಚ್ಚೆಳ್ಳು ಹೂ ಬಿಟ್ಟಾಗ ಹೊಲವೆಲ್ಲ ಗುಂಯ್ ಅನ್ನುತ್ತಿದ್ದುದು ಮನೆಮನೆಯಲ್ಲೂ ನೆನಪಿದೆ. ಅದರದೇ ಗಿಡದ ಪರಾಗ ಬಿದ್ದರೆ ಹುಚ್ಚೆಳ್ಳು ಸರಿಯಾಗಿ ಕಾಳು ಕಟ್ಟುವುದಿಲ್ಲ. ಪಕ್ಕದ ಗಿಡದಿಂದ ಯಾರಾದರೂ ಹೊತ್ತು ತರಲೇಬೇಕು. ಪರಾಗಸ್ಪರ್ಶ ಹೇಳಿಕೊಡಲು ಇದಕ್ಕಿಂತ ಒಳ್ಳೆ ಗಿಡ ಎಲ್ಲಿ ಸಿಗುತ್ತೆ?

ಪಟ್ಟಿಯನ್ನು ಎರಡು ಮಾಡಿದೆವು. ಒಂದು ಹೂವಿನ ಪಟ್ಟಿ, ಇನ್ನೊಂದು ಎಲೆಯ ಪಟ್ಟಿ. ಚಿಟ್ಟೆಗೆ ಮಕರಂದ ಸಿಕ್ಕರೆ ಸಾಕು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಮೊಟ್ಟೆ ಇಡಲು ಅದಕ್ಕೆ ಇಂಥದ್ದೇ ಗಿಡ ಅಂತ ಬೇಕು. ಯಾಕೆಂದರೆ ಅದರ ಹುಳ ಬೇರೆ ಎಲೆ ಮೂಸಿಯೂ ನೋಡುವುದಿಲ್ಲ. ನಿಂಬೆ, ಕರಿಬೇವಿಗೆ ಲೈಮ್ ಬಟರ್‌ಫ್ಲೈ ಮತ್ತು ಕಾಮನ್ ಮಾರ್ಮನ್. ಎಕ್ಕಕ್ಕೆ ಪ್ಲೇನ್ ಟೈಗರ್. ತಂಗಡಿಗೆ ಹಳದಿ ಚಿಟ್ಟೆಗಳು. ಬರೀ ಹೂವಿನ ಗಿಡ ನೆಟ್ಟರೆ ಚಿಟ್ಟೆ ಬಂದು ಕುಡಿದು ಹೋಗುತ್ತದೆ, ಸಂಸಾರ ಹೂಡುವುದಿಲ್ಲ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎಕ್ಕದ ಹೆಸರು ತೆಗೆದಾಗ ಒಬ್ಬ ಹಿರಿಯರು ಎದ್ದು ನಿಂತೇಬಿಟ್ಟರು. "ಶಾಲೆ ಒಳಗೆ ಎಕ್ಕ ನೆಟ್ಟರೆ ಶಾಲೆ ಎಕ್ಕುಟ್ಟೋಗಲ್ವಾ ಮೇಡಂ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ನೆಡುವುದು ಬೇಡ ಅನ್ನಲು ನನಗೆ ಬೇರೆಯೇ ಕಾರಣ ಇತ್ತು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೆ ಪೆಟ್ಟಾಗುತ್ತದೆ, ಸಣ್ಣ ಮಕ್ಕಳು ಎಲೆ ಕಿತ್ತ ಕೈಯಲ್ಲೇ ಕಣ್ಣುಜ್ಜಿಕೊಳ್ಳುತ್ತಾರೆ. ಕಾಂಪೌಂಡಿನ ಆಚೆ ತಾನಾಗಿ ಬೆಳೆದಿದ್ದ ಎಕ್ಕವನ್ನೇ ಕಡಿಯದೆ ಬಿಡುವುದು ಅಂತ ತೀರ್ಮಾನವಾಯಿತು. ಅದನ್ನು ನೋಡಲು ಗೋಡೆಯ ಈಚೆ ಒಂದು ಕಲ್ಲುಬೆಂಚು. ಹರಳು, ಕಣಗಿಲೆ ಎರಡನ್ನೂ ಪಟ್ಟಿಯಿಂದ ತೆಗೆದೆವು. ಎರಡಕ್ಕೂ ಅವುಗಳದೇ ಚಿಟ್ಟೆಗಳಿವೆ ನಿಜ, ಆದರೆ ಎರಡೂ ವಿಷ. ಹರಳು ಬೀಜವನ್ನಂತೂ ಮಕ್ಕಳು ಆಟಕ್ಕೆ ಬಾಯಿಗೆ ಹಾಕಿಕೊಂಡುಬಿಡುತ್ತಾರೆ. ಶಾಲೆಯಲ್ಲಿ ಇಂಥ ತೋಟ ಮಾಡುವವರು ಇಷ್ಟು ನೋಡಿಕೊಳ್ಳಲೇಬೇಕು.

ಜೇನು ಕಚ್ಚಿದರೆ ಏನು ಗತಿ ಅನ್ನುವುದು ತಾಯಂದಿರ ಪ್ರಶ್ನೆ. ನ್ಯಾಯವಾದದ್ದೇ. ಹೂವಿನ ಮೇಲೆ ಕೂತ ಜೇನು ತಾನಾಗಿ ಬಂದು ಕಚ್ಚುವುದಿಲ್ಲ, ಕೈಯಲ್ಲಿ ಹಿಡಿದರೆ, ಕಾಲಲ್ಲಿ ತುಳಿದರೆ ಕಚ್ಚುತ್ತದೆ. ಗೂಡಿನ ಹತ್ತಿರದ ಮಾತು ಬೇರೆ, ಹೆಜ್ಜೇನಿನ ಮಾತಂತೂ ಪೂರ್ತಿ ಬೇರೆ. ನಾವು ಪೆಟ್ಟಿಗೆ ಇಟ್ಟು ಜೇನು ಸಾಕುತ್ತಿಲ್ಲ, ಹೂ ಬೆಳೆಸುತ್ತಿದ್ದೇವೆ ಅಷ್ಟೇ ಅಂತ ಹೇಳಿದೆ. ತೋಟಕ್ಕೆ ಚಪ್ಪಲಿ ಹಾಕಿಕೊಂಡೇ ಬರಬೇಕು, ಓಡಬಾರದು, ರೋಮ ಇರುವ ಹುಳ ಮುಟ್ಟಬಾರದು. ಈ ಮೂರೇ ನಿಯಮ.

ಮೃಗಶಿರ ಮಳೆ ಒಂದು ಹದ ಬಿದ್ದ ಮೇಲೆ ನೆಲಕ್ಕೆ ಕೈ ಹಾಕಿದೆವು. ಕಟ್ಟಡ ಕಟ್ಟಿದಾಗ ಸುರಿದ ಜಲ್ಲಿ, ಗಾರೆ ಎಲ್ಲ ಮಣ್ಣಲ್ಲಿ ಸೇರಿಕೊಂಡಿತ್ತು. ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ಏಳನೇ ತರಗತಿಯವರು ಅಗೆದರು, ಸಣ್ಣವರು ಕಲ್ಲು ಆರಿಸಿ ಮಂಕರಿಗೆ ತುಂಬಿದರು. ಒಬ್ಬ ಹುಡುಗನ ಮನೆಯಿಂದ ಎತ್ತಿನ ಗಾಡಿಯಲ್ಲಿ ಕೊಟ್ಟಿಗೆ ಗೊಬ್ಬರ ಬಂತು. ಕೈ ತೊಳೆದ ನೀರು ಚರಂಡಿಗೆ ಹೋಗುತ್ತಿದ್ದುದನ್ನು ಸಣ್ಣ ಕಾಲುವೆ ತೋಡಿ ಪಾತಿಗೆ ತಿರುಗಿಸಿದೆವು. ತಟ್ಟೆ ತೊಳೆದ ನೀರಲ್ಲಿ ಎಣ್ಣೆ, ಸೋಪು ಇರುತ್ತದೆ, ಅದು ಬೇಡ. ಗಿಡದ ಬುಡಕ್ಕೆ ತೆಂಗಿನ ಸಿಪ್ಪೆ ಬೋರಲು ಹಾಕಿದೆವು. ಆ ಸೀಮೆಯಲ್ಲಿ ಸಿಪ್ಪೆಗೇನು ಬರವೇ!

ಒಂದು ಮೂಲೆಯನ್ನು ಮಾತ್ರ ಸಿಪ್ಪೆ ಮುಚ್ಚದೆ, ಅಗೆಯದೆ, ಬರೀ ನೆಲವಾಗಿ ಬಿಟ್ಟೆವು. ಒಂಟಿಯಾಗಿ ಬದುಕುವ ಜೇನು ಜಾತಿಗಳು ಬಹಳ ಇವೆ. ಅವುಗಳಲ್ಲಿ ಹೆಚ್ಚಿನವು ನೆಲದಲ್ಲೇ ಬಿಲ ತೋಡಿ ಮೊಟ್ಟೆ ಇಡುತ್ತವೆ. ನಾವು ಎಲ್ಲಾ ಕಡೆ ಸಿಮೆಂಟು, ಟೈಲ್ಸು ಹಾಕಿಕೊಂಡು ಹೋದರೆ ಅವು ಎಲ್ಲಿಗೆ ಹೋಗಬೇಕು?

ಮಳೆಗಾಲ ಮುಂದುವರಿದಂತೆ ನಿಂಬೆಯ ಚಿಗುರೆಲೆಯ ಮೇಲೆ ಹಕ್ಕಿ ಹಿಕ್ಕೆ ಕಾಣಿಸಿಕೊಂಡಿತು. ಆರನೇ ತರಗತಿಯ ಒಬ್ಬಳು ಅದನ್ನು ಒರೆಸಲು ಹೋದಳು. ಹಿಕ್ಕೆ ನಡೆಯಿತು. ಲೈಮ್ ಬಟರ್‌ಫ್ಲೈಯ ಎಳೆಯ ಹುಳ ಅದು. ಹಕ್ಕಿಯ ಕಣ್ಣಿಗೆ ತಿನ್ನುವಂಥದ್ದಾಗಿ ಕಾಣಬಾರದು ಅಂತ ಕಂದು-ಬಿಳಿ ಬಣ್ಣದ ವೇಷ. ದೊಡ್ಡದಾದಂತೆ ವೇಷ ಬದಲಾಯಿಸಿ ಎಲೆಯ ಹಸಿರಿಗೆ ತಿರುಗಿತು. ಆಮೇಲಿನ ಆಟವೇ ಬೇರೆ. ಹುಲ್ಲುಕಡ್ಡಿಯಲ್ಲಿ ಮೆಲ್ಲಗೆ ಬೆನ್ನು ಸವರಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಪಕ್ಕನೆ ಹೊರಗೆ ಬರುತ್ತದೆ, ಜೊತೆಗೆ ಒಂದು ಘಾಟು ವಾಸನೆ. "ಮಿಸ್, ಹುಳ ಕೊಂಬು ಬಿಟ್ಟೈತೆ!" ಅಂತ ಕೂಗಿದ್ದೇ ತಡ, ಊಟದ ಸಾಲು ಬಿಟ್ಟು ಎಲ್ಲರೂ ಓಡಿ ಬಂದರು. ಅವತ್ತು ಆ ಹುಳ ಎಷ್ಟು ಸಲ ಕೊಂಬು ತೋರಿಸಬೇಕಾಯಿತೋ ಪಾಪ. ಸುಮ್ನೆ ಕೆಣಕಬೇಡಿ, ಅದಕ್ಕೂ ಸುಸ್ತಾಗುತ್ತೆ ಅಂತ ಕೊನೆಗೆ ನಾನೇ ಗದರಿದೆ.

ಹುಳ ಅಂದರೆ ಎಲೆ ಖಾಲಿ. ನಿಂಬೆಯಿಂದ ಕರಿಬೇವಿಗೂ ಬಂತು. ಅಕ್ಷರ ದಾಸೋಹದ ಅಡುಗೆ ಅಕ್ಕ ಸೌಟು ಹಿಡಿದೇ ಬಂದರು. "ಹುಳಕ್ಕೇ ಎಲ್ಲಾ ಬಿಟ್ರೆ ಮಕ್ಕಳ ಸಾರಿನ ಒಗ್ಗರಣೆಗೆ ಏನು ಹಾಕ್ಲಿ ಮೇಡಂ? ಒಂದಿಷ್ಟು ಬೂದಿ ಎರಚಿ, ಸತ್ತೋಗ್ತವೆ." ಅವರದು ತಪ್ಪು ಅನ್ನಲು ಆಗುತ್ತಾ? ಕರಿಬೇವು ಇಬ್ಬರಿಗೂ ಬೇಕು. ಅಡುಗೆಮನೆ ಬಾಗಿಲ ಪಕ್ಕ ಇನ್ನೊಂದು ಕರಿಬೇವಿನ ಸಸಿ ನೆಟ್ಟು, ಅದರ ಮೇಲೆ ಕಂಡ ಹುಳವನ್ನೆಲ್ಲ ಎಲೆ ಸಮೇತ ತೋಟದ ಗಿಡಕ್ಕೆ ಸಾಗಿಸುವುದು ಮಕ್ಕಳ ಪಾಳಿ ಅಂತಾಯಿತು. ಈಗ ಅಕ್ಕನೇ ಕರೆದು ಹೇಳುತ್ತಾರೆ: "ಲೋ, ನಿಮ್ಮ ನೆಂಟ ಬಂದವನೆ, ಕರ್ಕೊಂಡು ಹೋಗ್ರೋ."

ಹುಳ ಕೋಶ ಕಟ್ಟುವ ಹೊತ್ತಿಗೆ ಗಿಡ ಬಿಟ್ಟು ಎತ್ತಲೋ ಹೊರಡುತ್ತದೆ. ಮಕ್ಕಳಿಗೆ ಅದೊಂದು ಆತಂಕ. ಕಾಂಪೌಂಡಿನ ಸಂದಿಯಲ್ಲಿ, ಕಡ್ಡಿಯ ಮೇಲೆ, ಒಮ್ಮೆ ನೀರಿನ ಬಕೆಟ್ಟಿನ ಹಿಡಿಯಲ್ಲಿ ಕೋಶ ಸಿಕ್ಕಿತು. ಆ ಬಕೆಟ್ಟನ್ನು ಚಿಟ್ಟೆ ಹೊರಬರುವವರೆಗೂ ಯಾರೂ ಮುಟ್ಟಲಿಲ್ಲ. ಹಾಗಂತ ಎಲ್ಲ ಕೋಶದಿಂದಲೂ ಚಿಟ್ಟೆ ಬರಲಿಲ್ಲ. ಒಂದು ಕೋಶಕ್ಕೆ ಸೂಜಿ ಚುಚ್ಚಿದಂಥ ತೂತು ಬಿದ್ದು, ಅದರೊಳಗಿಂದ ಪುಟ್ಟ ಕಣಜಗಳು ಸಾಲಾಗಿ ಹೊರಬಂದವು. ತಾಯಿ ಕಣಜ ಮೊದಲೇ ಅದರೊಳಗೆ ಮೊಟ್ಟೆ ಇಟ್ಟಿತ್ತು. ಇಬ್ಬರು ಹುಡುಗಿಯರು ಅತ್ತರು. ಕಣಜವನ್ನು ಕೊಲ್ಲೋಣ ಅಂತ ಒಬ್ಬ ಚಪ್ಪಲಿ ಎತ್ತಿದ. ಈ ಕಣಜಗಳು ಇಲ್ಲದಿದ್ದರೆ ನಿಂಬೆ ಗಿಡದಲ್ಲಿ ಒಂದೆಲೆಯೂ ಉಳಿಯುವುದಿಲ್ಲ ಅಂತ ಹೇಳಿದೆ. ಒಪ್ಪಿದರೋ ಇಲ್ಲವೋ, ಚಪ್ಪಲಿ ಕೆಳಗಿಳಿಯಿತು.

ಆಗಸ್ಟ್ 15ರ ಮುಂಚೆ ಆವರಣ ಸ್ವಚ್ಛ ಮಾಡುವುದು ಎಲ್ಲ ಶಾಲೆಗಳಲ್ಲೂ ಇರುವುದೇ. ನಾನು ತರಬೇತಿಗೆ ಹೋಗಿದ್ದ ದಿನ ಆಳುಗಳು ಬಂದು ಹಿಂದಿನ ಜಾಗವನ್ನೂ ಕುಡುಗೋಲಿನಿಂದ ಹೆರೆದು ಹೋಗಿದ್ದರು. ನೆಟ್ಟ ಗಿಡಗಳನ್ನು ಬಿಟ್ಟಿದ್ದರು. ತುಂಬೆ, ಕಾಡು ಹೂಗಳು, ಒಣಹುಲ್ಲು ಎಲ್ಲಾ ಗುಡ್ಡೆಯಾಗಿ ಬಿದ್ದಿತ್ತು. ಅವರ ಕಣ್ಣಿಗೆ ಅದು ಕಳೆ. ಕೊಟ್ಟ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದರು, ಬೈಯುವುದು ಯಾರನ್ನ? ಮಕ್ಕಳೇ ಮುರಿದ ಡೆಸ್ಕಿನ ಹಲಗೆಗಳ ಮೇಲೆ ಸುಣ್ಣದಲ್ಲಿ ಬರೆದು ನಿಲ್ಲಿಸಿದರು. ಒಂದರಲ್ಲಿ "ಇದು ಕಳೆ ಅಲ್ಲ, ಊಟ". ಇನ್ನೊಂದರಲ್ಲಿ "ಎಲೆ ತೂತಾಗಿದೆ ಅಂತ ಕೀಳಬೇಡಿ. ನಾವೇ ಬಿಟ್ಟಿದ್ದು". ತುಂಬೆ ಗಟ್ಟಿ ಗಿಡ. ಮುಂದಿನ ಮಳೆಗೆ ಮತ್ತೆ ಚಿಗುರಿತು. ಕಾಂಗ್ರೆಸ್ ಗಿಡವನ್ನು ಮಾತ್ರ ನಾವೇ ಕಿತ್ತು ಹಾಕುತ್ತೇವೆ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಹೂ ಬಿಡುವ ಮೊದಲೇ. ಕಳೆ ಎಲ್ಲ ಒಳ್ಳೆಯದು ಅಂತ ನಾನೇನೂ ಹೇಳುತ್ತಿಲ್ಲ.

ಒಣಕಡ್ಡಿಗಳನ್ನು ಯಾಕೆ ಉಳಿಸಬೇಕು ಅನ್ನುವುದಕ್ಕೆ ಉತ್ತರ ದಸರಾ ರಜೆಗೆ ಸ್ವಲ್ಪ ಮುಂಚೆ ಸಿಕ್ಕಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗೇಟಿನ ಹತ್ತಿರ ಕಾಯುವ ಒಬ್ಬ ಹುಡುಗ ಇದ್ದಾನೆ. ಅವನು ಕರೆದುಕೊಂಡು ಹೋಗಿ ತೋರಿಸಿದ. ಬಾಗಿದ ಒಂದು ತೆಳು ಕಡ್ಡಿ. ಅದರ ಮೇಲೆ ಒಂದರ ಹಿಂದೆ ಒಂದು ಜೇನು, ಹೊಟ್ಟೆಯ ಮೇಲೆ ನೀಲಿ ಪಟ್ಟೆ. ಕಾಲಲ್ಲಿ ಹಿಡಿದುಕೊಂಡಿರಲಿಲ್ಲ, ಬಾಯಲ್ಲಿ ಕಚ್ಚಿಕೊಂಡು ಮೈಯನ್ನು ಗಾಳಿಗೆ ಚಾಚಿ ಮಲಗಿದ್ದವು. ನೀಲಿಪಟ್ಟೆ ಜೇನಿನ ಗಂಡುಗಳು. ಅವಕ್ಕೆ ಗೂಡಿಲ್ಲ. ರಾತ್ರಿ ಹೀಗೆ ಕಡ್ಡಿ ಕಚ್ಚಿಕೊಂಡೇ ಕಳೆಯುತ್ತವೆ. ಬಿಸಿಲು ತಾಗುತ್ತಿದ್ದಂತೆ ಒಂದು ಮೀಸೆ ಒರೆಸಿಕೊಂಡಿತು, ಹಾರಿತು. ಇನ್ನೊಂದು ಹಾರಿತು. ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಕಡ್ಡಿ ಖಾಲಿ. ಮರುದಿನ ಗೇಟು ತೆಗೆಯುವ ಮೊದಲೇ ಅರ್ಧ ಶಾಲೆ ಹೊರಗೆ ನಿಂತಿತ್ತು.

ಎಣಿಸುವ ಕೆಲಸ ಶನಿವಾರದ್ದು. ಒಬ್ಬೊಬ್ಬರು ಒಂದೊಂದು ಗಿಡದ ಮುಂದೆ ಹತ್ತು ನಿಮಿಷ ಕೂರಬೇಕು, ಬಂದವರಿಗೆಲ್ಲ ಒಂದೊಂದು ಗೆರೆ ಹಾಕಬೇಕು. ತುಡುವೆ ಜೇನು, ಕೋಲುಜೇನು, ಕರಿ ದುಂಬಿ, ಚಿಟ್ಟೆ, ನೊಣ, ಇರುವೆ, ಸೂರಕ್ಕಿ. ಮೊದಮೊದಲು ಜಗಳವೇ ಜಾಸ್ತಿ. ಒಂದೇ ಜೇನು ಮತ್ತೆ ಬಂದರೆ ಎಣಿಸಬೇಕಾ ಬೇಡವಾ? ಅದೇ ಜೇನು ಅಂತ ಹೇಗೆ ಗೊತ್ತು? ಎಣಿಸಬೇಕಾದದ್ದು ಎಷ್ಟು ಜೇನು ಇವೆ ಅಂತ ಅಲ್ಲ, ಎಷ್ಟು ಸಲ ಬಂದವು ಅಂತ. ಇದು ಅರ್ಥವಾಗಲು ಸಮಯ ಹಿಡಿಯಿತು. ಪಾಠಪುಸ್ತಕದ ಯಾವ ಪ್ರಶ್ನೆಗೂ ನನ್ನ ಮಕ್ಕಳು ಇಷ್ಟು ವಾದ ಮಾಡಿದ್ದು ನಾನು ಕಂಡಿಲ್ಲ.

ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹೆಡ್‌ಮಾಸ್ಟರ ಚೆಂಡುಹೂವಿಗೆ ಬಂದವರು ಕಮ್ಮಿ. ಅದು ದಪ್ಪ ಎಸಳಿನ ಹೈಬ್ರಿಡ್. ನೋಡಲು ತುಂಬಿಕೊಂಡಿರುತ್ತದೆ, ಒಳಗೆ ಮಕರಂದಕ್ಕೆ ಬಾಯಿ ಹಾಕಲು ದಾರಿ ಇಲ್ಲ. ಕಾಮಕಸ್ತೂರಿಯ ಕಾಗದದಲ್ಲಿ ಮಾತ್ರ ಗೆರೆ ಹಾಕಲು ಜಾಗ ಸಾಲದು. ಕೆಂಪು ದಾಸವಾಳಕ್ಕೆ ಜೇನಿಗಿಂತ ಸೂರಕ್ಕಿಯೇ ಹೆಚ್ಚು. ಜೇನಿನ ಕಣ್ಣಿಗೆ ಕೆಂಪು ಬಣ್ಣ ತಿಳಿಯುವುದಿಲ್ಲ, ನಮಗೆ ಕಾಣದ ಅತಿನೇರಳೆ ಕಾಣುತ್ತದೆ. ಹೆಡ್‌ಮಾಸ್ಟರಿಗೆ ಪಟ್ಟಿ ತೋರಿಸಿದೆವು. ಅವರು ಏನೂ ಹೇಳಲಿಲ್ಲ. ಆದರೆ ಧ್ವಜಸ್ತಂಭದ ಸುತ್ತ ಈಗ ಅರ್ಧ ಚೆಂಡುಹೂ, ಅರ್ಧ ಕಾಮಕಸ್ತೂರಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬದನೆ ಹೂವಿನ ಪಾಠ. ಅಡುಗೆಮನೆಗೆ ಅಂತ ಒಂದು ಸಾಲು ಬದನೆ ಹಾಕಿದ್ದೆವು. ಬದನೆಯ ಪರಾಗಕೋಶ ಬೇರೆ ಹೂಗಳಂತೆ ಬಿರಿಯುವುದಿಲ್ಲ. ತುದಿಯಲ್ಲಿ ಎರಡು ಸಣ್ಣ ರಂಧ್ರ ಬಿಟ್ಟುಕೊಳ್ಳುತ್ತದೆ, ಅಲುಗಾಡಿಸಿದರೆ ಮಾತ್ರ ಪುಡಿ ಉದುರುತ್ತದೆ. ಗಾಳಿಗೂ ಒಂದಿಷ್ಟು ಉದುರುತ್ತದೆ ಅನ್ನಿ. ತುಡುವೆ ಜೇನಿಗೆ ಹೂವನ್ನು ಹಾಗೆ ನಡುಗಿಸುವ ವಿದ್ಯೆ ಗೊತ್ತಿಲ್ಲ. ಕರಿ ದುಂಬಿಗೆ, ನೀಲಿಪಟ್ಟೆ ಜೇನಿಗೆ ಗೊತ್ತು. ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಮಡಚಿಟ್ಟು, ಎದೆಯ ಸ್ನಾಯುವನ್ನು ಮಾತ್ರ ನಡುಗಿಸುತ್ತವೆ. ಹಾರುವಾಗಿನ ಸದ್ದಿಗಿಂತ ಈ ಸದ್ದು ಕೀರಲು. ಹತ್ತಿರ ಕಿವಿ ಇಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ.

ಅದನ್ನು ನಾವೇ ಮಾಡಿ ನೋಡೋಣ ಅಂತ ವಿಜ್ಞಾನ ಕಿಟ್‌ನಿಂದ ಟ್ಯೂನಿಂಗ್ ಫೋರ್ಕ್ ತೆಗೆದುಕೊಂಡು ಹೋದೆ. ಹೊಡೆದರೆ ನಡುಗಿ ಸದ್ದು ಮಾಡುವ ಕವಲು ಕಡ್ಡಿ, ಶಬ್ದದ ಪಾಠಕ್ಕೆ ಮಾತ್ರ ಹೊರಗೆ ಬರುವ ವಸ್ತು ಅದು. 512 ಅಂತ ಕೆತ್ತಿದೆ, ಅಂದರೆ ಸೆಕೆಂಡಿಗೆ ಅಷ್ಟು ಸಲ ನಡುಗುತ್ತದೆ. ಬೆಳಿಗ್ಗೆ ಹೊಸದಾಗಿ ಅರಳಿದ ಹೂವಿನ ಕೆಳಗೆ ಒಬ್ಬಳು ಕರಿ ಸ್ಲೇಟು ಹಿಡಿದಳು. ಫೋರ್ಕನ್ನು ಚಪ್ಪಲಿಯ ಅಟ್ಟೆಗೆ ಹೊಡೆದು, ಹೂವಿಗೆ ಮೆಲ್ಲಗೆ ತಾಗಿಸಿದೆ. ಸ್ಲೇಟಿನ ಮೇಲೆ ತಿಳಿಹಳದಿ ಪುಡಿ ಸುರಿಯಿತು. ಬರೀ ಬೆರಳಲ್ಲಿ ಹೂವನ್ನು ತಟ್ಟಿದಾಗ ಅಷ್ಟು ಉದುರಲಿಲ್ಲ. ಆಮೇಲೆ ಫೋರ್ಕ್ ನನ್ನ ಕೈಗೆ ಸಿಕ್ಕಿದ್ದರೆ ಕೇಳಿ. ಎಲ್ಲರೂ ದುಂಬಿಗಳಾದರು. ಒಬ್ಬ ಫೋರ್ಕಿನ ಜೊತೆ ಬಾಯಲ್ಲೂ ಜುಂಯ್ ಅನ್ನುತ್ತಿದ್ದ. ಬೇಕಾಗಿಲ್ಲ ಅಂದರೆ "ಅಂದ್ರೇನೇ ಬೀಳೋದು ಮಿಸ್" ಅಂದ. ಆ ಸಾಲಿನ ಬದನೆ ಸಾಂಬಾರಿಗೆ ಹೋದ ದಿನ ತಟ್ಟೆಯಲ್ಲಿ ಹೋಳು ಬಿಟ್ಟವರು ಯಾರೂ ಇರಲಿಲ್ಲ.

ರಜೆಗಳು ಈ ತೋಟದ ದೊಡ್ಡ ತಲೆನೋವು. ದಸರಾದಲ್ಲಿ ಮಳೆ ಇರುತ್ತದೆ, ಹೇಗೋ ಆಗುತ್ತದೆ. ಬೇಸಿಗೆ ಹಾಗಲ್ಲ. ಮೇ 20 ವಿಶ್ವ ಜೇನು ದಿನ, ವಿಶ್ವಸಂಸ್ಥೆ 2018ರಿಂದ ಆಚರಿಸುತ್ತಿದೆ. ನಮ್ಮಲ್ಲಿ ಆ ದಿನ ಶಾಲೆಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಶಾಲೆ ಹತ್ತಿರದ ಮನೆಯ ಮಕ್ಕಳು ಪಾಳಿಯಲ್ಲಿ ನೀರು ಹಾಕಿದರು. ಕಾಂಪೌಂಡು ಹಾರಿ ಬಂದ ಮೇಕೆಗಳು ತಂಗಡಿ ಬಿಟ್ಟು ಉಳಿದದ್ದರ ರುಚಿ ನೋಡಿದವು. ಹೂವಿನ ಸಸಿಗಳು ಬಹಳ ಒಣಗಿದವು. ನಿಂಬೆ, ಕರಿಬೇವು, ನುಗ್ಗೆ, ತಂಗಡಿ ಉಳಿದವು. ಇದರಿಂದ ನನಗೆ ಅನಿಸಿದ್ದು ಇಷ್ಟು: ಸರ್ಕಾರಿ ಶಾಲೆಯಲ್ಲಿ ತೋಟ ಮಾಡುವವರು ಬೇಸಿಗೆ ತಡೆಯುವ ಪೊದೆ, ಮರಗಳನ್ನು ಮೊದಲು ಹಾಕಬೇಕು. ಜೀನಿಯಾ, ಸೂರ್ಯಕಾಂತಿಯಂಥವು ಮಳೆಗಾಲದ ಬಾಡಿಗೆದಾರರು. ಬೀಜ ಆರಿಸಿ ಕಾಗದದ ಪೊಟ್ಟಣದಲ್ಲಿ ಇಟ್ಟುಕೊಂಡರೆ ಪ್ರತಿ ಜೂನ್‌ನಲ್ಲಿ ದುಡ್ಡಿಲ್ಲದೆ ಹಾಕಬಹುದು. ಬೇಲಿಗೆ ಮುಳ್ಳುಕಂಟಿ ಮಾತ್ರ ಮೊದಲ ದಿನವೇ ಬೇಕು.

ಈ ವರ್ಷ ಈಶ್ವರಿ ಬಳ್ಳಿ ಹಬ್ಬಿಸಬೇಕು ಅಂತ ಮಕ್ಕಳ ಹಟ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈ ಜಾತಿಯ ಬಳ್ಳಿಗಳ ಮೇಲೆಯೇ ಅಂತ ಎಲ್ಲೋ ಓದಿಕೊಂಡು ಬಂದಿದ್ದಾರೆ. ಅದು ಪಶ್ಚಿಮ ಘಟ್ಟದ ಚಿಟ್ಟೆ, ನಮ್ಮ ತೆಂಗಿನ ಸೀಮೆಗೆ ಬರುವುದು ಕಷ್ಟ ಅಂತ ಹೇಳಿಬಿಟ್ಟಿದ್ದೇನೆ. ಕ್ರಿಮ್ಸನ್ ರೋಸ್ ಬರಬಹುದು. ಕಪ್ಪು ರೆಕ್ಕೆ, ಕೆಂಪು ಮೈ, ಅದೂ ಇದೇ ಬಳ್ಳಿಯ ಮೇಲೆ ಬೆಳೆಯುತ್ತದೆ. ಬಳ್ಳಿ ನರ್ಸರಿಯಲ್ಲಿ ಸಿಗಲಿಲ್ಲ. ಕೊನೆಗೆ ಊರಿನ ನಾಟಿ ಔಷಧಿ ಕೊಡುವ ಅಜ್ಜಿಯ ಹಿತ್ತಿಲಿನಿಂದ ಎರಡು ಬುಡ ಬಂದಿವೆ. ಅಜ್ಜಿ ಕೊಡುವಾಗ ಒಂದು ಷರತ್ತು ಹಾಕಿದ್ದಾರೆ: ಬೇರು ಬೇಕಾದಾಗ ಅವರು ಬಂದು ಅಗೆದುಕೊಳ್ಳುತ್ತಾರೆ, ಯಾರೂ ಬೇಡ ಅನ್ನಬಾರದು. ವಿಷದ ಬಳ್ಳಿ ಅದು, ಹಾಗಾಗಿ ಬೇಲಿಯ ಒಳಗೆ, ಸಣ್ಣವರ ಕೈಗೆ ಸಿಗದ ಕಡೆ ಚಪ್ಪರ ಹಾಕಿದ್ದೇವೆ. ಹಲಗೆಯ ಮೇಲೆ ಏನು ಬರೆಯಬೇಕು ಅಂತ ಇನ್ನೂ ಚರ್ಚೆ ನಡೆಯುತ್ತಿದೆ.